ಹಾಲಿನಲ್ಲಿ ಉಳಿಯುವ ಔಷಧಿ: ಹೆಪ್ಪಿನ ಬಟ್ಟಲಿನಿಂದ ನ್ಯಾನೋ ಪುಡಿಯವರೆಗೆ



ಎಮ್ಮೆಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಹಾಕಿಸಿದ ಮನೆಗಳಲ್ಲಿ ಮರುದಿನ ಹಾಲು ಹೆಪ್ಪುಗಟ್ಟದೆ ಹೋಗುವುದನ್ನು ನಮ್ಮ ತಾಯಂದಿರು ಬಲ್ಲರು. ರಾತ್ರಿ ಹೆಪ್ಪು ಹಾಕಿ ಮುಚ್ಚಿಟ್ಟ ಹಾಲು ಬೆಳಗ್ಗೆ ನೋಡಿದರೆ ನೀರಾಗಿಯೇ ಇರುತ್ತದೆ, ಇಲ್ಲವೆ ಲೋಳೆಯಾಗಿ ಒಂದು ಬಗೆಯ ವಾಸನೆ ಬರುತ್ತದೆ. ಹೆಪ್ಪು ಹಳೆಯದಾಗಿತ್ತು ಎನ್ನುವವರಿದ್ದಾರೆ, ಚಳಿ ಹೆಚ್ಚಾಯಿತು ಎನ್ನುವವರಿದ್ದಾರೆ, ದೃಷ್ಟಿ ತಾಗಿತು ಎನ್ನುವವರೂ ಇದ್ದಾರೆ.

ದೃಷ್ಟಿಯ ಮಾತೊಂದನ್ನು ಬಿಟ್ಟರೆ ಉಳಿದ ಕಾರಣಗಳು ಸುಳ್ಳಲ್ಲ. ಆದರೆ ಇಂಜೆಕ್ಷನ್ ಹಾಕಿಸಿದ ಮರುದಿನವೇ ಹೀಗಾದರೆ ಬೇರೊಂದು ಕಾರಣವನ್ನು ಯೋಚಿಸಬೇಕು. ಹಾಲನ್ನು ಮೊಸರು ಮಾಡುವವು ಹೆಪ್ಪಿನಲ್ಲಿರುವ, ಕಣ್ಣಿಗೆ ಕಾಣದ ಜೀವಾಣುಗಳು. ಎಮ್ಮೆಗೆ ಕೊಟ್ಟ ಪೆನಿಸಿಲಿನ್ ಕೆಚ್ಚಲಿನ ರೋಗಾಣುಗಳನ್ನು ಕೊಂದು, ಉಳಿದದ್ದು ಹಾಲಿನೊಡನೆ ಹೊರಗೆ ಬರುತ್ತದೆ. ಅದು ಹೆಪ್ಪಿನ ಜೀವಾಣುಗಳನ್ನೂ ಬಿಡುವುದಿಲ್ಲ. ಒಳ್ಳೆಯ ಜೀವಾಣು ಯಾವುದು, ಕೆಟ್ಟದ್ದು ಯಾವುದು ಎಂಬ ಭೇದ ಔಷಧಿಗೆ ತಿಳಿಯದು.

ಹೀಗೆ ನೋಡಿದರೆ ಹಾಲಿನಲ್ಲಿ ಔಷಧಿ ಉಳಿದಿದೆಯೇ ಎಂದು ನೋಡುವ ಮೊದಲ ಪ್ರಯೋಗಾಲಯ ನಮ್ಮ ಅಡಿಗೆಮನೆಯೇ. ಅದೇ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ, ಬಣ್ಣದ ಮೂಲಕ, ಐಸ್ ಪೆಟ್ಟಿಗೆಯ ಹಂಗಿಲ್ಲದೆ ಮಾಡಬಲ್ಲ ಒಂದು ಹೊಸ ವಿಧಾನವನ್ನು ವಿಜ್ಞಾನಿಗಳು ರೂಪಿಸುತ್ತಿದ್ದಾರೆ. ಅದರಲ್ಲಿ ಬಳಸುವುದು ಲೋಹದ ಅತಿ ಸೂಕ್ಷ್ಮ ಪುಡಿ. ತುಂಗಭದ್ರೆಯ ದಡದ ಸಿ. ಬೆಳಗಲ್ ಸೀಮೆಯಂತಹ ಬಿಸಿಲ ನಾಡಿಗೆ ಇದು ಯಾಕೆ ಮುಖ್ಯ, ಅದು ಬರುವ ತನಕ ನಾವು ಏನು ಮಾಡಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ಎಷ್ಟು ಔಷಧಿ ಉಳಿದರೆ ಹೆಚ್ಚು?

ಆಹಾರದ ಗುಣಮಟ್ಟಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಘಟನೆ ಸೇರಿ ನಡೆಸುವ ಕೋಡೆಕ್ಸ್ ಎಂಬ ಮಂಡಲಿ ಇದೆ. ಅದರ ಲೆಕ್ಕದಲ್ಲಿ ಒಂದು ಕಿಲೋ ಹಾಲಿನಲ್ಲಿ ಪೆನಿಸಿಲಿನ್ 4 ಮೈಕ್ರೋಗ್ರಾಂ ಮೀರಬಾರದು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳಿಗೆ ಈ ಮಿತಿ 100 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು.

ಅಂಕಿ ಸಣ್ಣದೆಂದು ಅದನ್ನು ಹಗುರವಾಗಿ ನೋಡಬಾರದು. ಒಂದು ಲಕ್ಷ ಯೂನಿಟ್ ಪೆನಿಸಿಲಿನ್ ಎಂದರೆ 60 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಅಷ್ಟೂ ಹಾಲಿಗೆ ಸೇರಿತೆಂದು ಇಟ್ಟುಕೊಂಡರೆ 15,000 ಲೀಟರ್ ಹಾಲನ್ನು ಆ ಮಿತಿಯ ತನಕ ಮುಟ್ಟಿಸಲು ಅದು ಸಾಕು. ಕೊಟ್ಟ ಔಷಧಿಯೆಲ್ಲ ಹಾಲಿಗೇ ಬರುವುದಿಲ್ಲ, ನಿಜ. ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ. ಆದರೂ ಮೊಲೆಯ ತೊಟ್ಟಿನೊಳಗೆ ಟ್ಯೂಬಿನಿಂದ ಏರಿಸಿದ ಔಷಧಿಯ ದೊಡ್ಡ ಪಾಲು ಮುಂದಿನ ಕೆಲವು ಹೊತ್ತಿನ ಕರೆತದಲ್ಲಿ ಹೊರಬರುತ್ತದೆ. ಒಬ್ಬರ ಮನೆಯ ಎರಡು ಲೀಟರ್ ಹಾಲು ಕೇಂದ್ರದ ಕ್ಯಾನಿಗೆ ಬಿದ್ದು, ಕ್ಯಾನು ಟ್ಯಾಂಕರಿಗೆ ಸುರಿದ ಮೇಲೆ, ಯಾರ ಎಮ್ಮೆಯಿಂದ ಬಂತೆಂದು ಹುಡುಕುವುದು ಯಾರಿಂದಲೂ ಆಗದು.

ಕಾಯಿಸಿದರೆ ಹೋಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಕಾಯಿಸುವುದರಿಂದ ರೋಗಾಣುಗಳು ಸಾಯುತ್ತವೆ. ಔಷಧಿಯ ಬಹುಪಾಲು ಹಾಗೆಯೇ ಉಳಿಯುತ್ತದೆ.

ಇದರಿಂದ ಆಗುವ ಕೆಡುಕು ಎರಡು ಬಗೆಯದು. ಪೆನಿಸಿಲಿನ್ ಒಗ್ಗದ ಜನರಿದ್ದಾರೆ. ಅವರಿಗೆ ಮೈಮೇಲೆ ದದ್ದು, ತುರಿಕೆ ಕಾಣಿಸಬಹುದು, ಅಪರೂಪಕ್ಕೆ ಉಸಿರಿಗೇ ತೊಂದರೆಯಾಗಬಹುದು. ಎರಡನೆಯದು ನಿಧಾನವಾದದ್ದು, ನಮ್ಮ ದೃಷ್ಟಿಯಲ್ಲಿ ಹೆಚ್ಚು ದೊಡ್ಡದು. ಕೊಲ್ಲುವಷ್ಟಿಲ್ಲದ, ಆದರೆ ದಿನವೂ ಒಳಗೆ ಹೋಗುವ ಔಷಧಿಗೆ ರೋಗಾಣುಗಳು ಒಗ್ಗಿಕೊಳ್ಳುತ್ತವೆ. ಹತ್ತಿ ಹೊಲದಲ್ಲಿ ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದಾಗ ಕಾಯಿಕೊರಕ ಸಾಯದೆ ಉಳಿಯುವುದನ್ನು ಆದೋನಿ ಸೀಮೆಯ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರೋಗಾಣುಗಳ ಕಥೆಯೂ ಅದೇ. ನಾಳೆ ಮಗುವಿಗೆ ನ್ಯುಮೋನಿಯಾ ಬಂದಾಗ ಡಾಕ್ಟರರು ಕೊಡುವ ಔಷಧಿ ನಾಟದೆ ಹೋಗಬಹುದು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ಎಲ್ಲ ರಾಜ್ಯಗಳ ಪಟ್ಟಣಗಳಿಂದ 6,432 ಹಾಲಿನ ಮಾದರಿಗಳನ್ನು ತರಿಸಿ ಪರೀಕ್ಷಿಸಿತು. 2019ರಲ್ಲಿ ಹೊರಬಂದ ವರದಿಯ ಪ್ರಕಾರ 77 ಮಾದರಿಗಳಲ್ಲಿ, ಎಂದರೆ ನೂರಕ್ಕೆ 1.2ರಷ್ಟರಲ್ಲಿ, ಪ್ರತಿಜೀವಕ ಔಷಧಿ ಮಿತಿಗಿಂತ ಹೆಚ್ಚಿತ್ತು. ಇದು ಹೆದರಿ ಹಾಲು ಬಿಡುವಂತಹ ಅಂಕಿ ಅಲ್ಲ. ಆದರೆ ಆ ಸಮೀಕ್ಷೆ ನಡೆದದ್ದು 50,000ಕ್ಕೂ ಹೆಚ್ಚು ಜನವಸತಿಯ ಊರುಗಳಲ್ಲಿ. ನಮ್ಮಂತಹ ಹಳ್ಳಿಗಳಲ್ಲಿ ಕರೆದು, ಅಲ್ಲಿಯೇ ಕುಡಿಯುವ ಹಾಲು ಅದರ ಲೆಕ್ಕಕ್ಕೆ ಬಂದಿಲ್ಲ ಎಂಬುದನ್ನು ನೆನಪಿಡಬೇಕು.

ಕಣ್ಣಿಗೆ ಕಾಣದ ಔಷಧಿ ಏನು ಮಾಡಬಲ್ಲದೆಂಬುದಕ್ಕೆ ರಣಹದ್ದುಗಳೇ ಸಾಕ್ಷಿ. ಹಿಂದೆ ಊರಾಚೆ ಸತ್ತ ದನವನ್ನು ಹಾಕಿದರೆ ಗುಂಪುಗುಂಪಾಗಿ ಇಳಿಯುತ್ತಿದ್ದ ಹದ್ದುಗಳು 1990ರ ದಶಕದಲ್ಲಿ ನೋಡನೋಡುತ್ತಲೇ ಇಲ್ಲವಾದವು. ದನಗಳಿಗೆ ನೋವು, ಜ್ವರಕ್ಕೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಕಳೇಬರದಲ್ಲಿ ಉಳಿದು ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿದೆ ಎಂದು 2004ರಲ್ಲಿ ತಿಳಿಯಿತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನೂ ನಿಲ್ಲಿಸಿತು. ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಂ ಇರುವಾಗ ಬೇರೆಯದನ್ನು ಕೇಳಬೇಕಾಗಿಲ್ಲ. ಉಳಿದ ಔಷಧಿಯನ್ನು ಬೇಗ ಪತ್ತೆ ಹಚ್ಚುವ ಸುಲಭದ ದಾರಿ ಆಗ ಇದ್ದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಎನಿಸುತ್ತದೆ.

ಈಗಿರುವ ಪರೀಕ್ಷೆಗಳು

ದೊಡ್ಡ ಡೈರಿಗಳು ಬಳಸುವ ಹಳೆಯ ಪರೀಕ್ಷೆ ನಮ್ಮ ಹೆಪ್ಪಿನ ಪರೀಕ್ಷೆಯ ಅಣ್ಣನಂತೆ. ಸಣ್ಣ ನಳಿಕೆಯಲ್ಲಿ ಒಂದು ಜಾತಿಯ ಜೀವಾಣುವನ್ನೂ ಬಣ್ಣವನ್ನೂ ಇಟ್ಟಿರುತ್ತಾರೆ. ಹಾಲು ಹಾಕಿ ಸುಮಾರು 64 ಡಿಗ್ರಿ ಶಾಖದಲ್ಲಿಟ್ಟರೆ ಜೀವಾಣು ಬೆಳೆದು ಹುಳಿ ಬಿಡುತ್ತದೆ. ನೇರಳೆ ಬಣ್ಣ ಹಳದಿಯಾಗುತ್ತದೆ. ಔಷಧಿ ಇದ್ದರೆ ಜೀವಾಣು ಬೆಳೆಯದು, ನೇರಳೆ ನೇರಳೆಯಾಗಿಯೇ ಉಳಿಯುತ್ತದೆ. ಡೆಲ್ವೋಟೆಸ್ಟ್ ಎಂದು ಹೆಸರಾದ ಈ ಪರೀಕ್ಷೆ ನಂಬಲರ್ಹವಾದದ್ದು. ಆದರೆ ಎರಡೂವರೆ, ಮೂರು ತಾಸು ಬೇಕು. ಅಷ್ಟರಲ್ಲಿ ಹಾಲಿನ ಗಾಡಿ ಊರು ದಾಟಿರುತ್ತದೆ.

ಹತ್ತು ನಿಮಿಷದಲ್ಲಿ ಗೆರೆ ತೋರಿಸುವ ಕಾಗದದ ಪಟ್ಟಿಗಳೂ ಇವೆ. ನೂರಾರು ಮಾದರಿಗಳನ್ನು ಒಟ್ಟಿಗೆ ನೋಡಲು ಎಲೈಸಾ ಎಂಬ ತಟ್ಟೆಯ ಪರೀಕ್ಷೆ ಇದೆ. ಕೊನೆಯ ತೀರ್ಪಿಗೆ ನಗರದ ಪ್ರಯೋಗಾಲಯದಲ್ಲಿ ಕೋಟಿ ರೂಪಾಯಿಯ ಲೆಕ್ಕದ ಯಂತ್ರಗಳಿವೆ. ಯಂತ್ರದ ಮಾತು ಇಲ್ಲಿ ಬೇಡ. ಪಟ್ಟಿ ಮತ್ತು ತಟ್ಟೆಗಳ ಕಷ್ಟವೆಂದರೆ ಅವುಗಳಲ್ಲಿ ಜೀವಿಗಳಿಂದ ತೆಗೆದ ಪ್ರೋಟೀನುಗಳಿರುತ್ತವೆ. ಬಹುತೇಕ ಇವನ್ನು 2ರಿಂದ 8 ಡಿಗ್ರಿ ಶೀತದಲ್ಲಿಯೇ ಇಡಬೇಕು. ಕರ್ನೂಲು ಜಿಲ್ಲೆಯಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುತ್ತದೆ, ಕರೆಂಟು ಹೇಳಿ ಹೋಗುವುದಿಲ್ಲ. ಪಟ್ಟಿಯ ಪೆಟ್ಟಿಗೆ ಎರಡು ದಿನ ಬಿಸಿಲಿಗೆ ಸಿಕ್ಕಿದರೆ ಅದು ಹೇಳುವ ಮಾತನ್ನು ನಂಬುವಂತಿಲ್ಲ. ಹೊಸ ಪುಡಿಯ ಮಹತ್ವ ಇರುವುದು ಇಲ್ಲಿಯೇ.

ಕಿಣ್ವದ ಕೆಲಸ, ಲೋಹದ ಪುಡಿಯ ವೇಷ

ಎಂಜೈಮ್ ಎಂದು ಡಾಕ್ಟರರು ಹೇಳುವುದನ್ನು ಶಾಲೆಯ ಪುಸ್ತಕಗಳಲ್ಲಿ ಕಿಣ್ವ ಎನ್ನುತ್ತಾರೆ. ಜೀವಿಗಳ ಒಳಗೆ ರಾಸಾಯನಿಕ ಕೆಲಸಗಳನ್ನು ಬೇಗ ಬೇಗ ಮಾಡಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ಪ್ರೋಟೀನೇ ಕಿಣ್ವ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೆ ಕಪ್ಪಾಗುವುದು ಕಿಣ್ವದಿಂದ. ಗಾಯ ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುರಬುರನೆ ನೊರೆ ಏಳುವುದೂ ರಕ್ತದ ಒಂದು ಕಿಣ್ವದಿಂದಲೇ. ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಅದನ್ನೇ ಹಾಕಿ ನೋಡಿ, ನೊರೆ ಬರುತ್ತದೆ. ಬೇಯಿಸಿದ ಹೋಳಿನ ಮೇಲೆ ಬರುವುದಿಲ್ಲ, ಏಕೆಂದರೆ ಶಾಖಕ್ಕೆ ಕಿಣ್ವ ಕೆಟ್ಟಿರುತ್ತದೆ. ಮಕ್ಕಳಿಗೆ ಮನೆಯಲ್ಲಿಯೇ ತೋರಿಸಬಹುದಾದ ಪಾಠ ಇದು.

ಪರೀಕ್ಷೆಯ ತಟ್ಟೆಗಳಲ್ಲಿ ಹೆಚ್ಚಾಗಿ ಬಳಸುವ ಕಿಣ್ವವನ್ನು ಸಾಸಿವೆ, ಮೂಲಂಗಿಯ ಕುಲಕ್ಕೆ ಸೇರಿದ ಯುರೋಪಿನ ಒಂದು ಖಾರದ ಬೇರಿನಿಂದ ತೆಗೆಯುತ್ತಾರೆ. ಇದರ ಹೆಸರು ಪೆರಾಕ್ಸಿಡೇಸ್. ಹೈಡ್ರೋಜನ್ ಪೆರಾಕ್ಸೈಡಿನ ಜೊತೆಗೆ ಬಣ್ಣವಿಲ್ಲದ ಟಿಎಂಬಿ ಎಂಬ ದ್ರಾವಣ ಇಟ್ಟರೆ ಈ ಕಿಣ್ವ ಅದನ್ನು ನೀಲಿ ಮಾಡುತ್ತದೆ. ನೀಲಿ ಎಷ್ಟು ಗಾಢ ಎಂದು ನೋಡಿ ಔಷಧಿಯ ಲೆಕ್ಕ ಹಾಕುತ್ತಾರೆ. ಬೇರಿನಿಂದ ಕಿಣ್ವವನ್ನು ಬೇರ್ಪಡಿಸಿ ಶುದ್ಧ ಮಾಡುವುದು ಖರ್ಚಿನ ಕೆಲಸ. ಬಿಸಿ ತಾಗಿದರೆ ಬೆಂದ ಆಲೂಗಡ್ಡೆಯ ಗತಿಯೇ.

2007ರಲ್ಲಿ ಚೀನಾದ ಯಾನ್ ಷಿಯುನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ಕಬ್ಬಿಣದ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳು, ಯಾವ ಕಿಣ್ವದ ಸಹಾಯವೂ ಇಲ್ಲದೆ, ಆ ಖಾರದ ಬೇರಿನ ಕಿಣ್ವದಂತೆಯೇ ಬಣ್ಣ ತರಿಸುತ್ತವೆ ಎಂಬುದೇ ಆ ಸಂಗತಿ. ಹೊಳೆಯ ಮರಳಿನಲ್ಲಿ ಮಕ್ಕಳು ಅಯಸ್ಕಾಂತ ಎಳೆದಾಡಿದಾಗ ಅಂಟಿಕೊಳ್ಳುವ ಕಪ್ಪು ಪುಡಿ ಇದೆಯಲ್ಲ, ಹೆಚ್ಚು ಕಡಿಮೆ ಅದೇ ಪದಾರ್ಥ. ಆದರೆ ಗಾತ್ರ ಬೇರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎನ್ನುತ್ತಾರೆ. ಈ ಕಣಗಳು ಅಂತಹ ಹತ್ತಾರು, ಹೆಚ್ಚೆಂದರೆ ಕೆಲವು ನೂರು ಪಾಲಿನಷ್ಟು ಮಾತ್ರ. ಅಷ್ಟು ನುಣ್ಣಗಾದಾಗ ಕಣದ ಮೇಲ್ಮೈ ವಿಪರೀತ ಹೆಚ್ಚುತ್ತದೆ, ರಾಸಾಯನಿಕ ಕೆಲಸ ನಡೆಯುವುದು ಆ ಮೇಲ್ಮೈಯಲ್ಲಿ. ಇಂತಹ ಪುಡಿಗಳಿಗೆ ನ್ಯಾನೋಜೈಮ್ ಎಂದು ಹೆಸರು. ಆ ಹೆಸರನ್ನು 2004ರಲ್ಲಿಯೇ ಇಟಲಿಯ ವಿಜ್ಞಾನಿಗಳು ಬೇರೊಂದು ಬಗೆಯ ಕಣಗಳಿಗೆ ಇಟ್ಟಿದ್ದರು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಅಲ್ಲಿನ ಪ್ರಾಧ್ಯಾಪಕ ಜಿ. ಮುಗೇಶ್ ಮತ್ತು ಸಂಗಡಿಗರು 2014ರಲ್ಲಿ ವೆನೇಡಿಯಂ ಆಕ್ಸೈಡಿನ ಸಣ್ಣ ತಂತಿಗಳು ನಮ್ಮ ದೇಹದ ಒಂದು ರಕ್ಷಕ ಕಿಣ್ವದ ಕೆಲಸ ಮಾಡುತ್ತವೆ ಎಂದು ತೋರಿಸಿದರು. ಅದೇ ಸಂಸ್ಥೆಯ ಸುಬಿನಯ್ ರಾಣಾ ಅವರ ತಂಡ 2023ರಲ್ಲಿ ಪ್ಲಾಟಿನಂ ಸೇರಿಸಿ ಮಾಡಿದ ನ್ಯಾನೋಜೈಮನ್ನು ಪ್ರಕಟಿಸಿತು. ಕಾರ್ಖಾನೆಯ ಕೊಳೆ ನೀರಿನಲ್ಲಿರುವ ಫೀನಾಲ್, ಬಣ್ಣ ಮುಂತಾದವನ್ನು ಬಿಸಿಲಿನಲ್ಲಿ ಒಡೆಯುವುದು ಅದರ ಕೆಲಸ. ನಾವು ಗಮನಿಸಬೇಕಾದದ್ದು ಇನ್ನೊಂದು: ಶೀತದಲ್ಲಿಡದೆ, ಸಾಧಾರಣ ಕೋಣೆಯ ಶಾಖದಲ್ಲಿಯೇ ಅದು 75 ದಿನಗಳ ತನಕ ಕೆಡದೆ ಉಳಿಯಿತು. ಕಿಣ್ವವನ್ನು ಹಾಗೆ ಕಪಾಟಿನಲ್ಲಿಟ್ಟು ಮರೆಯಲು ಬರುತ್ತದೆಯೇ?

ಔಷಧಿಯನ್ನು ಹಿಡಿಯುವ ಬಗೆ

ಪುಡಿ ಬಣ್ಣ ತರಿಸುತ್ತದೆ, ಸರಿ. ಹಾಲಿನಲ್ಲಿ ಔಷಧಿ ಇದೆಯೆಂದು ಅದಕ್ಕೆ ಹೇಳುವವರು ಯಾರು? ಇದಕ್ಕೆ ಹೂಡಿದ ಉಪಾಯಗಳು ಹಲವು. ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇವೆ.

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಆರ್‌ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿಪುಲ್ ಬನ್ಸಲ್, ತರುಣ್ ಕುಮಾರ್ ಶರ್ಮ ಮತ್ತು ಸಂಗಡಿಗರು 2014ರಲ್ಲಿ ಕನಾಮೈಸಿನ್ ಎಂಬ ಪ್ರತಿಜೀವಕವನ್ನು ಹಿಡಿಯುವ ವಿಧಾನವನ್ನು ಪ್ರಕಟಿಸಿದರು. ಕನಾಮೈಸಿನ್ ಮನುಷ್ಯರಿಗೂ ಜಾನುವಾರುಗಳಿಗೂ ಕೊಡುವ ಔಷಧಿ. ಯುರೋಪಿನಲ್ಲಿ ಅದು ಒಂದು ಕಿಲೋ ಹಾಲಿನಲ್ಲಿ 150 ಮೈಕ್ರೋಗ್ರಾಂ ಮೀರುವಂತಿಲ್ಲ.

ಅವರು ತೆಗೆದುಕೊಂಡದ್ದು ಬಂಗಾರದ ನ್ಯಾನೋ ಕಣಗಳು. ಇವು ತಾವಾಗಿಯೇ ಆ ನೀಲಿ ಬಣ್ಣ ತರಿಸಬಲ್ಲವು. ಇವುಗಳ ಮೇಲೆ ಡಿಎನ್‌ಎಯ ಒಂದು ಪುಟ್ಟ ಎಳೆಯನ್ನು ಹೊದಿಸಿದರು. ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ರಾಶಿಗೆ ತಾಡಪಾಲು ಹೊದಿಸಿದಂತೆ ಎನ್ನಿ. ಹೊದಿಕೆ ಇರುವ ತನಕ ಬಂಗಾರದ ಮೇಲ್ಮೈ ಮುಚ್ಚಿರುತ್ತದೆ, ಬಣ್ಣ ಬರುವುದಿಲ್ಲ. ಆದರೆ ಆ ಎಳೆಯನ್ನು ಕನಾಮೈಸಿನ್ನಿಗೆ ಬಂಗಾರಕ್ಕಿಂತ ಹೆಚ್ಚು ಬಿಗಿಯಾಗಿ ಅಂಟುವಂತೆ ಆರಿಸಿರುತ್ತಾರೆ. ಮಾದರಿಯಲ್ಲಿ ಕನಾಮೈಸಿನ್ ಇದ್ದರೆ ಎಳೆ ಬಂಗಾರವನ್ನು ಬಿಟ್ಟು ಔಷಧಿಯ ಕಡೆಗೆ ಹೋಗುತ್ತದೆ, ತಾಡಪಾಲು ಜಾರುತ್ತದೆ, ಬಂಗಾರ ತೆರೆದುಕೊಳ್ಳುತ್ತದೆ, ದ್ರಾವಣ ನೀಲಿಯಾಗುತ್ತದೆ. ಔಷಧಿ ಹೆಚ್ಚಿದ್ದಷ್ಟೂ ನೀಲಿ ಗಾಢ. ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಔಷಧಿಗೊಂದರಂತೆ ಎಳೆ ಬದಲಾಯಿಸಿದರೆ ಅದೇ ಬಂಗಾರದ ಪುಡಿಯಿಂದ ಬೇರೆ ಬೇರೆ ಔಷಧಿಗಳನ್ನು ಹಿಡಿಯಬಹುದೆಂಬುದು ಈ ದಾರಿಯ ಆಸೆ.

ಬಂಗಾರ ಎಂದೊಡನೆ ಬೆಲೆಗೆ ಹೆದರಬೇಕಾಗಿಲ್ಲ. ಕಣಗಳು ಎಷ್ಟು ಚಿಕ್ಕವೆಂದರೆ ಒಂದು ಪರೀಕ್ಷೆಗೆ ಬೇಕಾಗುವ ಬಂಗಾರ ತಕ್ಕಡಿಗೆ ಸಿಗದಷ್ಟು. ಕಬ್ಬಿಣದ ಪುಡಿಯಂತೂ ಇನ್ನೂ ಅಗ್ಗ.

ಹಾಲಲ್ಲದೆ ನೀರಿನ ಪರೀಕ್ಷೆಗೂ ಇಂತಹ ವಿಧಾನ ಬೇಕಾಗಿದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರನ್ನು ಶುದ್ಧ ಮಾಡುವ ಘಟಕವೊಂದರಿಂದ ಹೊರಬರುತ್ತಿದ್ದ ನೀರಿನಲ್ಲಿ, ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೊಫ್ಲಾಕ್ಸಾಸಿನ್ ಇತ್ತೆಂದು 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಇಲ್ಲಿ ಮೈಕ್ರೋಗ್ರಾಂ ಅಲ್ಲ, ಮಿಲಿಗ್ರಾಂ ಎಂಬುದನ್ನು ಗಮನಿಸಿ.

ಇನ್ನೂ ದಾಟಬೇಕಾದ ಕಷ್ಟಗಳು

ಪತ್ರಿಕೆಗಳಲ್ಲಿ ಇಂತಹ ಸುದ್ದಿ ಬಂದಾಗ ನಾಳೆಯೇ ಹಾಲಿನ ಕೇಂದ್ರಕ್ಕೆ ಬರುತ್ತದೆ ಎನ್ನುವಂತೆ ಬರೆಯುವುದುಂಟು. ಅದು ಸರಿಯಲ್ಲ. ಪ್ರಯೋಗಾಲಯದ ತಿಳಿನೀರಿನಲ್ಲಿ ಚೆನ್ನಾಗಿ ನಡೆದದ್ದು ಎಮ್ಮೆಯ ಗಟ್ಟಿ ಹಾಲಿನಲ್ಲಿ ಹಾಗೆಯೇ ನಡೆಯುವುದಿಲ್ಲ.

ಹಾಲಿನ ಕೊಬ್ಬು, ಪ್ರೋಟೀನು ಕಣಗಳಿಗೆ ಮೆತ್ತಿಕೊಳ್ಳುತ್ತವೆ. ಆಗ ತಾಡಪಾಲಿನ ಮೇಲೆ ಇನ್ನೊಂದು ತಾಡಪಾಲು ಬಿದ್ದಂತೆ. ಕಬ್ಬಿಣದ ಪುಡಿ ಚೆನ್ನಾಗಿ ಕೆಲಸ ಮಾಡುವುದು ಹುಳಿಯಾದ ದ್ರಾವಣದಲ್ಲಿ, ಹುಳಿ ಹಾಕಿದರೆ ಹಾಲು ಒಡೆಯುತ್ತದೆ. ಹೀಗಾಗಿ ಮೊದಲು ಹಾಲಿನ ಕೊಬ್ಬು, ಪ್ರೋಟೀನುಗಳನ್ನು ತೆಗೆದು ತಿಳಿಯನ್ನು ಮಾತ್ರ ಪರೀಕ್ಷಿಸಬೇಕಾಗುತ್ತದೆ. ಇನ್ನೊಂದು ತಮಾಷೆಯ ತೊಡಕಿದೆ. ಹಸಿ ಹಾಲಿನಲ್ಲಿಯೇ ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವವಿದೆ. ಪುಡಿ ಮಾಡಬೇಕಾದ ಬಣ್ಣದ ಕೆಲಸವನ್ನು ಅದು ತಾನೇ ಮಾಡಿಬಿಡಬಹುದು, ಆಗ ಔಷಧಿ ಇಲ್ಲದ ಹಾಲೂ ನೀಲಿಯಾಗಿ ನಿರಪರಾಧಿ ರೈತನ ಕ್ಯಾನು ಹಿಂದಕ್ಕೆ ಬಂದೀತು. ಹಾಲು ಕೆಡದಿರಲೆಂದು ಯಾರಾದರೂ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದರೆ ಲೆಕ್ಕ ಮತ್ತೂ ತಪ್ಪುತ್ತದೆ.

ಕಿಣ್ವಕ್ಕೆ ತನ್ನ ಕೆಲಸ ಯಾವುದೆಂದು ಖಚಿತವಾಗಿ ಗೊತ್ತು. ಲೋಹದ ಪುಡಿಗೆ ಅಷ್ಟು ವಿವೇಕವಿಲ್ಲ. ಆ ವಿವೇಕವನ್ನು ಡಿಎನ್‌ಎ ಎಳೆಯಂತಹದು ತಂದುಕೊಡಬೇಕು. ಪ್ರತಿ ಸಲವೂ ಒಂದೇ ಗಾತ್ರದ, ಒಂದೇ ಗುಣದ ಪುಡಿ ತಯಾರಿಸುವುದೂ ಸುಲಭವಲ್ಲ.

ಆದರೂ ಈ ದಾರಿ ಕೈಗೂಡುವಂತಹದೆಂದೇ ನಮ್ಮ ಅಭಿಪ್ರಾಯ. 2015ರಲ್ಲಿ ಚೀನಾದ ವಿಜ್ಞಾನಿಗಳು ಕಬ್ಬಿಣದ ನ್ಯಾನೋಜೈಮ್ ಬಳಸಿ ಎಬೋಲಾ ರೋಗವನ್ನು ಗುರುತಿಸುವ ಕಾಗದದ ಪಟ್ಟಿಯನ್ನು ಮಾಡಿದರು. ಅದು ಮಾಮೂಲು ಪಟ್ಟಿಗಿಂತ ನೂರು ಪಟ್ಟು ಸೂಕ್ಷ್ಮವಾಗಿತ್ತು. ರಕ್ತದಂತಹ ಗೊಂದಲದ ದ್ರವದಲ್ಲಿ ನಡೆಯುವುದು ಹಾಲಿನಲ್ಲಿಯೂ ನಡೆಯಬೇಕು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪರೀಕ್ಷೆ ಬಂದರೆ ಬಡ ರೈತರ ಹಾಲನ್ನು ತಿರಸ್ಕರಿಸಲು ಇನ್ನೊಂದು ನೆವ ಸಿಕ್ಕಿತು ಎಂಬ ಅಂಜಿಕೆ ಕೆಲವರಲ್ಲಿದೆ. ಫ್ಯಾಟ್ ಅಳತೆಯಲ್ಲಿ ಕಹಿ ಉಂಡವರಿಗೆ ಈ ಅಂಜಿಕೆ ಸಹಜ. ಆದರೆ ಈಗಿನ ಪದ್ಧತಿಯಲ್ಲಿ ಪರೀಕ್ಷೆ ನಡೆಯುವುದು ಟ್ಯಾಂಕರು ಡೈರಿಗೆ ಮುಟ್ಟಿದ ಮೇಲೆ. ಅಲ್ಲಿ ತಪ್ಪು ಸಿಕ್ಕರೆ ನೂರಾರು ಮನೆಗಳ ಹಾಲು ಒಟ್ಟಿಗೆ ಹೋಗುತ್ತದೆ. ಊರಿನ ಕೇಂದ್ರದಲ್ಲಿ, ರೈತನ ಕಣ್ಣೆದುರಿಗೇ, ಅವನಿಗೂ ಕಾಣುವ ನೀಲಿ ಬಣ್ಣದಿಂದ ಪರೀಕ್ಷೆಯಾದರೆ ಒಂದು ಮನೆಯ ಎರಡು ಲೀಟರು ಮಾತ್ರ ಬದಿಗಿರುತ್ತದೆ. ಅದಕ್ಕೆ ಐಸಿಲ್ಲದೆ ಉಳಿಯುವ ಪುಡಿಯೇ ಬೇಕು.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು

ಪುಡಿ ಬರುವ ತನಕ ನಮಗಿರುವ ಪರೀಕ್ಷೆ ಕ್ಯಾಲೆಂಡರು. 2012ರಲ್ಲಿ ಸರ್ಕಾರ ಔಷಧ ನಿಯಮಗಳಿಗೆ ತಿದ್ದುಪಡಿ ತಂದು, ಜಾನುವಾರು ಔಷಧಿಗಳ ಚೀಟಿಯ ಮೇಲೆ, ಔಷಧಿ ಕೊಟ್ಟ ಎಷ್ಟು ದಿನಗಳ ತನಕ ಹಾಲು, ಮಾಂಸ ಬಳಸಬಾರದೆಂಬುದನ್ನು ಅಚ್ಚು ಹಾಕಬೇಕೆಂದು ಆಜ್ಞೆ ಮಾಡಿತು. ಚೀಟಿಯಲ್ಲಿ ಇದಕ್ಕೆ ವಿತ್‌ಡ್ರಾವಲ್ ಪೀರಿಯಡ್ ಎಂದಿರುತ್ತದೆ. ದಿನಗಳ ಲೆಕ್ಕ ಕೊಟ್ಟಿರದ ಔಷಧಿಯಾದರೆ ಹಾಲಿಗೂ ಮೊಟ್ಟೆಗೂ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಕಾಯಬೇಕು.

ಆ ಅಕ್ಷರಗಳು ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣದಾಗಿ ಇರುತ್ತವೆ. ತೆಲುಗಿನಲ್ಲೂ ಇಲ್ಲದ, ಕನ್ನಡದಲ್ಲೂ ಇಲ್ಲದ ಈ ಚೀಟಿಯಿಂದ ನಮ್ಮ ಗಡಿನಾಡಿನ ಮುದುಕಮ್ಮನಿಗೆ ಏನು ಪ್ರಯೋಜನ? ಆದ್ದರಿಂದ ಇಂಜೆಕ್ಷನ್ ಹಾಕಿದ ಡಾಕ್ಟರರನ್ನು "ಎಷ್ಟು ದಿನ ಹಾಲು ಹಾಕಬಾರದು ಸಾರ್?" ಎಂದು ಕೇಳಿ, ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಸಿಕೊಳ್ಳಿ. ಕೇಳಲು ನಾಚಬೇಕಾಗಿಲ್ಲ. ಡಾಕ್ಟರರು ದೂರವಿದ್ದರೆ ಸಂಚಾರಿ ಪಶುವೈದ್ಯ ವಾಹನಕ್ಕಾಗಿ 1962ಕ್ಕೆ ಫೋನು ಮಾಡಬಹುದು. ಅಂಗಡಿಯಿಂದ ತಾವೇ ಬಾಟಲಿ ತಂದು ಚುಚ್ಚುವ ಅಭ್ಯಾಸ ಮಾತ್ರ ಬೇಡ.

ಒಂದು ತೊಟ್ಟಿಗೆ ಟ್ಯೂಬು ಏರಿಸಿದರೆ ಉಳಿದ ಮೂರು ತೊಟ್ಟುಗಳ ಹಾಲು ಶುದ್ಧವೆಂದು ಕೆಲವರು ತಿಳಿಯುತ್ತಾರೆ. ಔಷಧಿ ರಕ್ತಕ್ಕೆ ಸೇರಿ ಅವುಗಳಿಗೂ ಹೋಗುತ್ತದೆ. ನಾಲ್ಕೂ ತೊಟ್ಟಿನ ಹಾಲನ್ನು ಬದಿಗಿಡಬೇಕು. ಔಷಧಿ ಕೊಟ್ಟ ಎಮ್ಮೆಯನ್ನು ಕೊನೆಗೆ ಕರೆಯಿರಿ, ಬೇರೆ ಪಾತ್ರೆಯಲ್ಲಿ ಕರೆಯಿರಿ. ಹಾಲು ಬತ್ತಿಸುವಾಗ ಹಾಕುವ ಟ್ಯೂಬಿನ ಗಡುವು ಇನ್ನೂ ಉದ್ದ, ಅದನ್ನು ಬೇರೆಯಾಗಿ ಕೇಳಿ ತಿಳಿಯಬೇಕು. ಮಾರಬಾರದ ಹಾಲೆಂದು ಮನೆಯ ಮಕ್ಕಳಿಗೆ ಕುಡಿಸುವವರಿದ್ದಾರೆ, ಅದು ಇನ್ನೂ ಕೆಟ್ಟದ್ದು. ಕರುವಿಗೆ ಕುಡಿಸಿದರೂ ಅದರ ಹೊಟ್ಟೆಯಲ್ಲಿ ಔಷಧಿಗೆ ಬಗ್ಗದ ಜೀವಾಣುಗಳು ಬೆಳೆಯುತ್ತವೆ. ಏಳು ದಿನದ ಹಾಲನ್ನು ಚೆಲ್ಲುವುದು ಒಂದೇ ಎಮ್ಮೆ ಇರುವ ಮನೆಗೆ ಎಂತಹ ಪೆಟ್ಟೆಂಬುದನ್ನು ನಾವು ಅರಿಯದವರಲ್ಲ. ಅದಕ್ಕೇ ಗಡುವು ಕಡಿಮೆ ಇರುವ ಔಷಧಿ ಇದೆಯೇ ಎಂದು ಮೊದಲೇ ಕೇಳುವುದು ಒಳ್ಳೆಯದು. ಬಾವು ಬಾರದಂತೆ ಕೊಟ್ಟಿಗೆಯನ್ನು ಒಣಗಿಸಿಡುವುದು, ಕರೆಯುವ ಮುಂಚೆ ಕೈಯನ್ನೂ ಕೆಚ್ಚಲನ್ನೂ ತೊಳೆಯುವುದು ಎಲ್ಲಕ್ಕಿಂತ ಅಗ್ಗ.

ಕುರಿ ಸಾಕುವವರಿಗೂ ಒಂದು ಮಾತು. ಜ್ವರ ಬಂದ ಕುರಿಗೆ ಇಂಜೆಕ್ಷನ್ ಹಾಕಿ, ಚೇತರಿಸದಿದ್ದರೆ ಅದೇ ವಾರ ಸಂತೆಗೆ ಹೊಡೆಯುವುದು ನಡೆದುಬಂದಿದೆ. ಆ 28 ದಿನಗಳ ಲೆಕ್ಕ ಅಲ್ಲಿಗೂ ಅನ್ವಯಿಸುತ್ತದೆ. ಕೋಳಿ ಮುಂತಾದವುಗಳ ಮೇವಿನಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಔಷಧಿಯನ್ನು 2019ರಲ್ಲಿಯೇ ನಿಷೇಧಿಸಲಾಗಿದೆ. ಹಳೆಯ ಪೊಟ್ಟಣ ಮನೆಯಲ್ಲಿದ್ದರೆ ಬಳಸಬೇಡಿ.

ಗಡುವು ಮುಗಿದ ಮೇಲೂ ಅನುಮಾನವಿದ್ದರೆ ಹೆಪ್ಪಿನ ಪರೀಕ್ಷೆ ಮಾಡಿ ನೋಡಬಹುದು. ಆ ಎಮ್ಮೆಯ ಹಾಲನ್ನೂ, ಔಷಧಿ ಮುಟ್ಟದ ಬೇರೊಂದು ಎಮ್ಮೆಯ ಹಾಲನ್ನೂ ಬೇರೆ ಬೇರೆಯಾಗಿ ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಎರಡು ಬಟ್ಟಲಿಗೆ ಒಂದೇ ಹೆಪ್ಪನ್ನು ಒಂದೇ ಅಳತೆಯಲ್ಲಿ ಹಾಕಿ, ಒಂದೇ ಜಾಗದಲ್ಲಿ ಮುಚ್ಚಿಡಿ. ಬೆಳಗ್ಗೆ ಒಂದು ಗಟ್ಟಿಯಾಗಿ, ಇನ್ನೊಂದು ಆಗದಿದ್ದರೆ ಆ ಹಾಲನ್ನು ಕೇಂದ್ರಕ್ಕೆ ಹಾಕಬೇಡಿ. ಎರಡೂ ಮೊಸರಾದರೆ ಪೆನಿಸಿಲಿನ್ ಹೆಚ್ಚಾಗಿ ಉಳಿದಿಲ್ಲ ಎಂದಷ್ಟೇ ತಿಳಿಯಬೇಕು. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ಗಳಂತಹ ಔಷಧಿಗಳಿಗೆ ಹೆಪ್ಪಿನ ಜೀವಾಣುಗಳು ಅಷ್ಟು ಸುಲಭವಾಗಿ ಸಾಯುವುದಿಲ್ಲ, ಅವುಗಳಿಗೆ ಕ್ಯಾಲೆಂಡರಿನ ಸುತ್ತನ್ನೇ ನಂಬಬೇಕು.